ಮಾಮಾನ ಮಷೀನು ಮತ್ತು ಒಂಬತ್ತು ಹಳದಿ ಪ್ರಶ್ನೆಗಳು

"ಆಯಿ ಪುಸ್ತಕ ತೆಗೀಲಾಕ ಬರ್ತದೇನೋ ತಮ್ಮಾ?"

ಯುಗಾದಿಗೆ ಊರಿಗೆ ಹೋದಾಗ ಮಾಮಾ ಕೇಳಿದ್ದು ಇಷ್ಟೇ. ಕೇಳಿ, ಒಳಗಿನಿಂದ ಒಂದು ಕೈಚೀಲ ತಂದು ನನ್ನ ಮುಂದಿಟ್ಟ. ಅದರಲ್ಲಿ ಹತ್ತಿಪ್ಪತ್ತು ಸಿಡಿಗಳಿದ್ದವು. ಒಂದರ ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಅವ್ವ – ಫೈನಲ್ 2' ಎಂದು ಬರೆದಿತ್ತು.

ಸೇಡಂ ಬಸ್ ಸ್ಟ್ಯಾಂಡಿನ ಹತ್ತಿರ ಮಾಮಾನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಶ್ರದ್ಧಾಂಜಲಿ ಕಾರ್ಡು, ಬಿ.ಎಡ್. ಹುಡುಗರ ಪ್ರಾಜೆಕ್ಟು, ಎಲ್ಲವೂ ಅಲ್ಲೇ ಆಗುತ್ತಿದ್ದವು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಕರೆಂಟಿದ್ದರೆ, ಆಯಿಯನ್ನು ಕರೆಸಿ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಳ್ಳುತ್ತಿದ್ದ. ಅವಳು ಬೀಸುವ ಪದ, ಸೋಬಾನೆ, ತತ್ವಪದ ಒಂದೊಂದಾಗಿ ಹೇಳುತ್ತಿದ್ದಳು, ಇವನು ನೇರವಾಗಿ ಟೈಪ್ ಮಾಡುತ್ತಿದ್ದ. ನೋಟ್‌ಬುಕ್ ಇಲ್ಲ, ರೆಕಾರ್ಡಿಂಗ್ ಇಲ್ಲ. ಎರಡು ವರ್ಷ ಹೀಗೇ ನಡೆದು ನೂರಹನ್ನೆರಡು ಹಾಡುಗಳಾದವು. 2009ರಲ್ಲಿ ಆಯಿ ಹೋದಳು. ಪುಸ್ತಕ ಮಾತ್ರ ಪ್ರೆಸ್ಸಿಗೆ ಹೋಗಲಿಲ್ಲ. ಕೇಳಿದಾಗಲೆಲ್ಲ "ಪ್ರೂಫ್ ಬಾಕಿ ಅದ" ಎನ್ನುತ್ತಿದ್ದ. ಪ್ರೂಫಿಗಿಂತ ದುಡ್ಡೇ ಬಾಕಿಯಿತ್ತು ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಮುಂದೆ ಅಂಗಡಿಯೂ ಮುಚ್ಚಿತು. ಎರಡು ವರ್ಷದ ಹಿಂದೆ ಅಂಗಡಿಯ ಕಂಪ್ಯೂಟರೂ ಕಣ್ಣು ಮುಚ್ಚಿತು.

ಸಿಡಿಯನ್ನು ಮೆಹದಿಪಟ್ಟಣಂಗೆ ತಂದೆ. ಟೋಲಿಚೌಕಿಯ ಗೆಳೆಯನ ಲ್ಯಾಪ್‌ಟಾಪಿಗೆ ಹೊರಗಿನಿಂದ ಒಂದು ಡ್ರೈವ್ ಜೋಡಿಸಿ ನೋಡಿದರೆ, ಕಡತಗಳೆಲ್ಲ ಹಾಳಾಗದೆ ಇದ್ದವು. ಆದರೆ ತೆರೆಯುವುದು ಯಾವುದರಲ್ಲಿ? ಅವು ಪೇಜ್‌ಮೇಕರ್ 7ರ ಕಡತಗಳು. 2001ರಲ್ಲಿ ಬಂದ ಆ 7ನೇ ಆವೃತ್ತಿಯೇ ಪೇಜ್‌ಮೇಕರಿನ ಕೊನೆಯದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಕೂಡ ಸಿಎಸ್6 ಆವೃತ್ತಿಯವರೆಗೆ ಮಾತ್ರ ಈ ಕಡತಗಳನ್ನು ತೆರೆಯುತ್ತಿತ್ತು. ಆಮೇಲಿನವು ಗುರುತೇ ಹಿಡಿಯುವುದಿಲ್ಲ. ಒಳಗಿನ ಅಕ್ಷರಗಳು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟಿನವು, ಯುನಿಕೋಡ್ ಅಲ್ಲ.

ಗೆಳೆಯ ಸುಲಭದ ದಾರಿ ಹೇಳಿದ. "ನನ್ನ ಲ್ಯಾಪ್‌ಟಾಪಲ್ಲೇ ವರ್ಚುವಲ್ ಮಷೀನ್ ಹಾಕೋಣ. ಒಂದು ಸಂಜೆ ಸಾಕು. ಟೆಕ್ಸ್ಟ್ ಹೊರಗೆ ತೆಗೆದು, ಯುನಿಕೋಡ್ ಮಾಡಿ, ನಿಮ್ಮ ಮಾವನಿಗೆ ಪಿಡಿಎಫ್ ಕಳಿಸಿಬಿಡು."

ಮಾಮಾನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ನೀ ಮಾಡಿ ಕೊಡಬ್ಯಾಡ. ಪ್ರೂಫ್ ನಾನೇ ನೋಡ್ಬೇಕು. ನನಗ ಪೇಜ್‌ಮೇಕರ್ ಬಿಟ್ರ ಬ್ಯಾರೆ ಬರಂಗಿಲ್ಲ. ಒಂದು ಮಷೀನ್ ಚಾಲೂ ಮಾಡಿ ಕೊಡು, ಸಾಕು."

ಮಷೀನ್ ಅಂದರೆ ಇದ್ದದ್ದು ಒಂದೇ. 2010ರಲ್ಲಿ ಇಂಜಿನಿಯರಿಂಗ್ ಓದುವಾಗ ಕೊಂಡ ನನ್ನ ಲ್ಯಾಪ್‌ಟಾಪು, ಮಂಚದ ಕೆಳಗೆ ಧೂಳು ತಿನ್ನುತ್ತ ಬಿದ್ದಿತ್ತು. ಕೆಲಸಕ್ಕೆ ಕಂಪನಿಯ ಲ್ಯಾಪ್‌ಟಾಪಿದೆ. ಆದರೆ ಅದಕ್ಕೆ ಪೆನ್ ಡ್ರೈವ್ ಚುಚ್ಚಿದರೂ ಸೆಕ್ಯುರಿಟಿಯವರಿಗೆ ಮೇಲ್ ಹೋಗುತ್ತದೆ. ಹಳೆಯದರ ಹಾರ್ಡ್ ಡಿಸ್ಕ್ ಸತ್ತಿತ್ತು. ಅದರ ಜೊತೆಗೆ ಬಂದಿದ್ದ ವಿಂಡೋಸ್ 7 ಇದ್ದದ್ದು ಅದೇ ಡಿಸ್ಕಿನ ಒಂದು ಗುಪ್ತ ಭಾಗದಲ್ಲಿ, ಹೀಗಾಗಿ ಅದೂ ಹೋಗಿತ್ತು. ಮಾಮಾನ ಕೈಚೀಲದಲ್ಲಿ ಡಬ್ಬಿ ಸಮೇತ ಇದ್ದದ್ದು ವಿಂಡೋಸ್ ಎಕ್ಸ್‌ಪಿ. ಅದು 2001ರದು, ಲ್ಯಾಪ್‌ಟಾಪು 2010ರದು. ತನಗಿಂತ ಒಂಬತ್ತು ವರ್ಷ ಹಳೆಯ ವ್ಯವಸ್ಥೆಯನ್ನು ಅದಕ್ಕೆ ಹಾಕಬೇಕಿತ್ತು.

ಹೊಸ ಎಸ್‌ಎಸ್‌ಡಿ ತರಲು ಸಿಕಂದರಾಬಾದಿನ ಪಾರ್ಕ್‌ಲೇನಿನ ಚಿನಾಯ್ ಟ್ರೇಡ್ ಸೆಂಟರಿಗೆ ಹೋದೆ. ಅಂಗಡಿಯವನು ಯಾವುದಕ್ಕೆ ಎಂದು ಕೇಳಿದ, ಹೇಳಿದೆ. "ಎಕ್ಸ್‌ಪಿ? ಸಾಲಾರ್ ಜಂಗ್ ಮ್ಯೂಸಿಯಂ ಮೇ ರಖ್ನಾ ಹೈ ಕ್ಯಾ ಭಯ್ಯಾ?" ಎಂದು ನಕ್ಕ. ನಾನೂ ನಕ್ಕೆ. ಮುಂದಿನ ನಾಲ್ಕು ಭಾನುವಾರ ನಗುವ ಸರದಿ ಲ್ಯಾಪ್‌ಟಾಪಿನದಾಯಿತು.

ಮೊದಲ ಭಾನುವಾರ ಸಿಡಿ ತಿರುಗಿತು, ನೀಲಿ ಪರದೆಯ ಮೇಲೆ ಕಡತಗಳು ಒಂದೊಂದಾಗಿ ಏರಿದವು. 'ವಿಂಡೋಸ್ ಶುರುವಾಗುತ್ತಿದೆ' ಎಂದು ಬಂದ ಮರುಕ್ಷಣ ಬೇರೊಂದು ನೀಲಿ ಪರದೆ ಬಂತು. ಕೊನೆಗೆ 7ಬಿ ಎಂದು ಮುಗಿಯುವ ಉದ್ದನೆಯ ಸಂಖ್ಯೆ. ಅದರರ್ಥ ಇಷ್ಟೆ: ವಿಂಡೋಸಿಗೆ ತಾನು ಬದುಕಬೇಕಾದ ಡಿಸ್ಕೇ ಕಾಣುತ್ತಿಲ್ಲ. ಡಿಸ್ಕ್ ಸರಿಯಿದೆ, ಸಿಡಿ ಸರಿಯಿದೆ, ಲ್ಯಾಪ್‌ಟಾಪು ಸರಿಯಿದೆ. ಆದರೂ ಒಂದಕ್ಕೊಂದು ಪರಿಚಯವಿಲ್ಲ.

ಆ ಪರಿಚಯ ಮಾಡಿಸುವ ಪುಟ್ಟ ತಂತ್ರಾಂಶವೇ ಡ್ರೈವರ್. ನಮ್ಮ ಓದುಗರಲ್ಲಿ ಅರ್ಧಕ್ಕರ್ಧ ಮಂದಿ ಐಟಿಯವರು, ಇದನ್ನು ವಿವರಿಸುವ ಅಗತ್ಯವಿಲ್ಲ. ಆದರೆ ನನಗೆ ಡ್ರೈವರ್ ಎಂದರೇನೆಂದು ನಿಜವಾಗಿ ಅರ್ಥವಾದದ್ದು ಇಂಜಿನಿಯರಿಂಗ್ ಪುಸ್ತಕದಿಂದಲ್ಲ, ನನ್ನ ಮನೆ ಮಾಲೀಕರಿಂದ.

ಸೇಡಂ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ನಮ್ಮ ಹೊಲದ ಕಾಗದಗಳು ಉರ್ದುವಿನಲ್ಲಿವೆ. ಮುತ್ತಜ್ಜ ಸಹಿ ಮಾಡಿದ ಕಾಗದ, ಮಸಿಯೂ ಮಾಸಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗೂ ಓದಲು ಬರುವುದಿಲ್ಲ. ಒಂದು ವ್ಯಾಜ್ಯದ ಸಲುವಾಗಿ ಅಪ್ಪ ಅದರ ನಕಲನ್ನು ನನಗೆ ಕಳಿಸಿದ್ದರು. ನಮ್ಮ ಮಾಲೀಕರು ಉರ್ದು ಮಾಧ್ಯಮದಲ್ಲಿ ಓದಿದ ಹಿರಿಯರು. ಕನ್ನಡಕ ಏರಿಸಿಕೊಂಡು, ಇರಾನಿ ಚಹಾ ಆರುವ ಮುಂಚೆಯೇ ಇಡೀ ಕಾಗದ ಓದಿ ಹೇಳಿದರು. ಯಾವ ಹೊಲ, ಎಷ್ಟು ಎಕರೆ, ಪಕ್ಕದ ಹೊಲ ಯಾರದು, ಎಲ್ಲ. ಎಪ್ಪತ್ತು ವರ್ಷ ಟ್ರಂಕಿನಲ್ಲಿ ಮೂಕವಾಗಿದ್ದ ಕಾಗದ ಹತ್ತು ನಿಮಿಷದಲ್ಲಿ ಮಾತಾಡಿತು. ಕಾಗದದಲ್ಲಿ ಐಬಿರಲಿಲ್ಲ, ನಮ್ಮಲ್ಲೂ ಇರಲಿಲ್ಲ. ನಡುವೆ ಒಬ್ಬ ಮನುಷ್ಯ ಬೇಕಿತ್ತು, ಅಷ್ಟೆ.

ಎಕ್ಸ್‌ಪಿಗೂ ಡಿಸ್ಕಿಗೂ ನಡುವೆ ಬೇಕಿದ್ದ ಮನುಷ್ಯನ ಹೆಸರು ಎಎಚ್‌ಸಿಐ ಡ್ರೈವರ್. ಎಕ್ಸ್‌ಪಿ ತಯಾರಾದ ಕಾಲಕ್ಕೆ ಆ ಪದ್ಧತಿಯೇ ಇರಲಿಲ್ಲ. ಅಂಥ ಡ್ರೈವರನ್ನು ಅನುಸ್ಥಾಪನೆಯ ಶುರುವಿನಲ್ಲೇ ಎಫ್6 ಕೀಲಿ ಒತ್ತಿ, ಫ್ಲಾಪಿಯಿಂದ ಕೊಡಬೇಕು ಎಂಬುದು ಎಕ್ಸ್‌ಪಿಯ ನಿಯಮ. ಫ್ಲಾಪಿ! ಇನ್ನೊಂದು ದಾರಿಯೆಂದರೆ ಡ್ರೈವರನ್ನು ಮೊದಲೇ ಒಳಗೆ ಸೇರಿಸಿ ಹೊಸ ಸಿಡಿ ಸುಡುವುದು. ಎಲ್ಲಕ್ಕಿಂತ ಸುಲಭದ ದಾರಿ ಬಯೋಸಿನಲ್ಲಿತ್ತು. ಲ್ಯಾಪ್‌ಟಾಪ್ ಶುರುವಾಗುವಾಗ ಒಳಹೊಕ್ಕು, ಡಿಸ್ಕಿನ ಪದ್ಧತಿಯನ್ನು ಎಎಚ್‌ಸಿಐನಿಂದ ಐಡಿಇಗೆ ಬದಲಿಸಿದೆ. ಅಂದರೆ ಡಿಸ್ಕಿಗೆ 'ಹಳೇ ಕಾಲದವರ ಹತ್ತಿರ ಹಳೇ ಮಾತಲ್ಲೇ ಮಾತಾಡು' ಎಂದು ಹೇಳಿದ ಹಾಗೆ. ಸ್ವಲ್ಪ ವೇಗ ಕಡಿಮೆಯಾಗುತ್ತದೆ. ಎಲ್ಲ ಲ್ಯಾಪ್‌ಟಾಪುಗಳಲ್ಲಿ ಈ ಆಯ್ಕೆ ಇರುವುದೂ ಇಲ್ಲ. ನನ್ನದರಲ್ಲಿತ್ತು.

'ಇನ್ನು 39 ನಿಮಿಷ' ಎಂದು ಎಕ್ಸ್‌ಪಿ ಹೇಳಿತು. ಹಳಬರಿಗೆ ಆ 39 ನೆನಪಿರುತ್ತದೆ. ನಾನು ಕೆಳಗಿಳಿದು ರೈತು ಬಜಾರಿಗೆ ಹೋಗಿ ವಾರದ ತರಕಾರಿ ತಂದೆ. ಬಂದು ನೋಡಿದರೆ ಹಸಿರು ಗುಡ್ಡ, ನೀಲಿ ಆಕಾಶ. ಆದರೆ ಗುಡ್ಡ ಅಡ್ಡಡ್ಡ ಹಿಗ್ಗಿ, ಅಕ್ಷರಗಳೆಲ್ಲ ಗೋಡೆ ಬರಹದಷ್ಟು ದಪ್ಪಗಿದ್ದವು. ಸದ್ದಿಲ್ಲ, ವೈಫೈ ಇಲ್ಲ, ಕೇಬಲ್ ಚುಚ್ಚಿದರೂ ನೆಟ್ ಇಲ್ಲ. ಡಿವೈಸ್ ಮ್ಯಾನೇಜರ್ ತೆರೆದರೆ ಸಾಲಾಗಿ ಒಂಬತ್ತು ಹಳದಿ ಪ್ರಶ್ನಾರ್ಥಕ ಚಿಹ್ನೆಗಳು. ಎತರ್ನೆಟ್ ಕಂಟ್ರೋಲರ್, ನೆಟ್‌ವರ್ಕ್ ಕಂಟ್ರೋಲರ್, ವಿಡಿಯೋ ಕಂಟ್ರೋಲರ್, ಎಸ್‌ಎಂ ಬಸ್ ಕಂಟ್ರೋಲರ್, 'ಬೇಸ್ ಸಿಸ್ಟಮ್ ಡಿವೈಸ್' ಎಂಬ ಹೆಸರಿನವು ಎರಡು, ಒಂದು ಪಿಸಿಐ ಕಮ್ಯುನಿಕೇಶನ್ಸ್ ಕಂಟ್ರೋಲರ್, ಒಂದು ಆಡಿಯೋ. ಕೊನೆಯದಕ್ಕೆ ಹೆಸರೂ ಇಲ್ಲ, ಬರೀ 'ಅನ್‌ನೋನ್ ಡಿವೈಸ್'.

ಆಗ ನೆನಪಾಯಿತು. ಈ ಲ್ಯಾಪ್‌ಟಾಪಿನ ಡಬ್ಬಿಯಲ್ಲಿ ಡ್ರೈವರುಗಳ ಒಂದು ಡಿಸ್ಕ್ ಬಂದಿತ್ತು. ಕೆಲಸ ಹುಡುಕುತ್ತ ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿದ್ದಾಗಲೂ ಅದು ನನ್ನ ಸೂಟ್‌ಕೇಸಿನ ತಳದಲ್ಲಿತ್ತು. ಅಲ್ಲಿಂದ ಮೆಹದಿಪಟ್ಟಣಂಗೆ ಬರುವಾಗ ಎರಡು ಬ್ಯಾಗಿಗಿಂತ ಹೆಚ್ಚು ಸಾಮಾನು ಬೇಡವೆಂದು ಹಳೇ ಪುಸ್ತಕ, ಹಾಲ್ ಟಿಕೆಟ್ಟು, ಚಾರ್ಜರು, ಡಿಸ್ಕು ಎಲ್ಲ ಒಂದು ಕವರಿಗೆ ತುಂಬಿ ರದ್ದಿಯವನಿಗೆ ಕೊಟ್ಟಿದ್ದೆ. ಊರು ಬಿಟ್ಟವರಿಗೆ ಇದು ಹೊಸದಲ್ಲ. ರೂಮು ಬದಲಿಸಿದಾಗಲೆಲ್ಲ ಒಂದಿಷ್ಟು ಬಿಸಾಡುತ್ತೇವೆ. ಬಿಸಾಡುವಾಗ ಪ್ರತಿಯೊಂದೂ ನಿರುಪಯುಕ್ತವಾಗಿಯೇ ಕಾಣುತ್ತದೆ.

ಆ ಡಿಸ್ಕ್ ಇದ್ದಿದ್ದರೂ ಅದರಲ್ಲಿ ವಿಂಡೋಸ್ 7ರ ಡ್ರೈವರುಗಳೇ ಇರುತ್ತಿದ್ದವು ಎಂದು ಸಮಾಧಾನ ಮಾಡಿಕೊಂಡು ಹುಡುಕಾಟಕ್ಕೆ ಕುಳಿತೆ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಲ್ಲಿ ಮಾಡೆಲ್ ನಂಬರ್ ಹಾಕಿದರೆ ಪುಟ ತೆರೆಯಿತು, ಆದರೆ ಆಪರೇಟಿಂಗ್ ಸಿಸ್ಟಮ್ ಪಟ್ಟಿಯಲ್ಲಿ ಎಕ್ಸ್‌ಪಿ ಇರಲಿಲ್ಲ. ಹೆಸರು ಹಾಕಿ ಗೂಗಲ್ ಮಾಡಿದರೆ ಡ್ರೈವರ್ ಕೊಡುತ್ತೇವೆನ್ನುವ ನೂರು ತಾಣಗಳು. ಎಲ್ಲದರಲ್ಲೂ ದೊಡ್ಡ ಹಸಿರು ಗುಂಡಿ. ಆ ಗುಂಡಿ ಒತ್ತಿದರೆ ಬರುವುದು ಡ್ರೈವರ್ ಅಲ್ಲ, ಡ್ರೈವರ್ ಹುಡುಕಿಕೊಡುವ ಇನ್ನೊಂದು ತಂತ್ರಾಂಶ. ಅದು ಸ್ಕ್ಯಾನ್ ಮಾಡಿ ನಿಮ್ಮಲ್ಲಿ ಇಷ್ಟು ದೋಷಗಳಿವೆ ಎಂದು ಹೆದರಿಸಿ ದುಡ್ಡು ಕೇಳುತ್ತದೆ. ಮೊದಲ ದಿನ ನಾನೂ ಒಂದನ್ನು ಇಳಿಸಿದೆ. ಹತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಮತ್ತೆ ಎಕ್ಸ್‌ಪಿಯನ್ನೇ ಅಳಿಸಿ ಹಾಕಿದೆ. ಇನ್ನೊಂದು 39 ನಿಮಿಷ.

ಎರಡನೇ ಭಾನುವಾರ ಸರಿಯಾದ ದಾರಿ ಹಿಡಿದೆ. ಹೆಸರಿನ ಹಿಂದೆ ಹೋಗಬಾರದು, ಸಂಖ್ಯೆಯ ಹಿಂದೆ ಹೋಗಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಎರಡು ಸಲ ಒತ್ತಿ, 'ಡೀಟೇಲ್ಸ್' ನೋಡಿದರೆ ಉದ್ದನೆಯ ಗುರುತು ಸಿಗುತ್ತದೆ. ಅದರಲ್ಲಿ ಎರಡು ಭಾಗ ಮುಖ್ಯ. ಚಿಪ್ ಮಾಡಿದವರ ಸಂಖ್ಯೆ ಒಂದು, ಚಿಪ್ಪಿನದೇ ಸಂಖ್ಯೆ ಇನ್ನೊಂದು. ಮನೆತನದ ಹೆಸರು ಮತ್ತು ಸ್ವಂತ ಹೆಸರು ಇದ್ದ ಹಾಗೆ. ಇಂಟೆಲ್‌ನ ಸಂಖ್ಯೆ 8086. 1978ರಲ್ಲಿ ತಾನು ಬಿಡುಗಡೆ ಮಾಡಿದ ಪ್ರೊಸೆಸರಿನ ಹೆಸರನ್ನೇ ಆ ಕಂಪನಿ ಮನೆತನದ ಹೆಸರಾಗಿ ಇಟ್ಟುಕೊಂಡಿದೆ. 10ಇಸಿ ಎಂದಿದ್ದರೆ ರಿಯಲ್‌ಟೆಕ್, 168ಸಿ ಎಂದಿದ್ದರೆ ಅಥೆರೋಸ್. ಒಂಬತ್ತನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ವಿಡಿಯೋ: 8086, 0046. ಎತರ್ನೆಟ್: 10ಇಸಿ, 8136. ವೈಫೈ: 168ಸಿ, 002ಬಿ. ಹೀಗೆ ಬರೆದಾದ ಮೇಲೆ ಅವು ಅನಾಮಿಕರಾಗಿ ಉಳಿಯಲಿಲ್ಲ. 'ಬೇಸ್ ಸಿಸ್ಟಮ್ ಡಿವೈಸ್' ಎಂಬ ಜೋಡಿ ಒಂದೇ ಕಾರ್ಡ್ ರೀಡರಿನ ಎರಡು ಮುಖವಾಗಿತ್ತು. ಎಸ್‌ಎಂ ಬಸ್ ಎಂಬುದು ಚಿಪ್‌ಸೆಟ್ಟಿನ ಡ್ರೈವರ್ ಹಾಕಿದ ಕೂಡಲೇ ತಾನಾಗಿ ಮಾಯವಾಯಿತು. ಅದಕ್ಕೇ ಚಿಪ್‌ಸೆಟ್ ಮೊದಲು, ಉಳಿದವು ಆಮೇಲೆ ಎನ್ನುತ್ತಾರೆ.

ಈಗ ಇನ್ನೊಂದು ತಮಾಷೆ. ನೆಟ್ ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ನೆಟ್ ಡ್ರೈವರ್ ಬೇಕು. ನೆಟ್ ಬಂದರೂ ಎಕ್ಸ್‌ಪಿಯ ಹಳೇ ಬ್ರೌಸರಿಗೆ ಇಂದಿನ ಸುರಕ್ಷಿತ ತಾಣಗಳ ಭಾಷೆ ಗೊತ್ತಿಲ್ಲ, ಪುಟವೇ ತೆರೆಯುವುದಿಲ್ಲ. ಹಾಗಾಗಿ ಫೋನಿನಲ್ಲಿ ಇಳಿಸಿ, ಓಟಿಜಿ ಕೇಬಲ್ಲಿನಿಂದ ಪೆನ್ ಡ್ರೈವಿಗೆ ಹಾಕಿ, ಟೋಲಿಚೌಕಿಗೆ ಹೋಗಿ ಗೆಳೆಯನ ಆಂಟಿವೈರಸ್‌ಗೆ ತೋರಿಸಿ, ವಾಪಸು ಬಂದು ಹಳೆಯದಕ್ಕೆ ಚುಚ್ಚಬೇಕು. ಈ ಲ್ಯಾಪ್‌ಟಾಪಿನಲ್ಲಿ ಇರುವುದು ಯುಎಸ್‌ಬಿ 2 ಆದ್ದರಿಂದ ಬಚಾವಾದೆ. ಯುಎಸ್‌ಬಿ 3 ಮಾತ್ರ ಇರುವ ಲ್ಯಾಪ್‌ಟಾಪಿಗೆ ವಿಂಡೋಸ್ 7 ಹಾಕಲು ಹೋದವರಿಗೆ ಗೊತ್ತಿರುತ್ತದೆ, ಮೊದಲ ಪರದೆಯಲ್ಲೇ ಮೌಸು ಅಲುಗುವುದಿಲ್ಲ. ಯುಎಸ್‌ಬಿ 3ರ ಡ್ರೈವರ್ ವಿಂಡೋಸ್ 7ರ ಡಿಸ್ಕಿನಲ್ಲಿಲ್ಲ.

ಎಲ್ಲಕ್ಕಿಂತ ಕಾಡಿದ್ದು ವಿಡಿಯೋ ಡ್ರೈವರ್. ಪರದೆ ಸರಿಯಾಗದಿದ್ದರೆ ಪೇಜ್‌ಮೇಕರಿನ ಒಂದು ಪುಟವೂ ಪೂರ್ತಿ ಕಾಣುವುದಿಲ್ಲ, ಮಾಮಾ ಪ್ರೂಫ್ ನೋಡುವುದು ಹೇಗೆ? ಮೂರನೇ ಭಾನುವಾರ ರಾತ್ರಿ ಹನ್ನೊಂದಕ್ಕೆ ಒಂದು ಸರಳ ವಿಷಯ ಹೊಳೆಯಿತು. 2010ರಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೆ ಮಾರಿದ ಲ್ಯಾಪ್‌ಟಾಪುಗಳಿಗೆ ವಿಂಡೋಸ್ 7 ಮಾತ್ರ ಸಾಕಿತ್ತು. ಆದರೆ ಆಫೀಸುಗಳು ಆಗಿನ್ನೂ ಎಕ್ಸ್‌ಪಿ ಬಿಟ್ಟಿರಲಿಲ್ಲ. ಬ್ಯಾಂಕು, ಸರ್ಕಾರಿ ಕಚೇರಿ, ದೊಡ್ಡ ಕಂಪನಿಗಳು ಹೊಸ ಲ್ಯಾಪ್‌ಟಾಪ್ ಕೊಂಡು ಹಳೇ ಎಕ್ಸ್‌ಪಿಯನ್ನೇ ಹಾಕಿಕೊಳ್ಳುತ್ತಿದ್ದವು. ಹಾಗಾದರೆ ಅದೇ ವರ್ಷದ, ಅದೇ ಚಿಪ್ಪಿನ 'ಆಫೀಸ್ ಮಾಡೆಲ್'ಗೆ ಎಕ್ಸ್‌ಪಿ ಡ್ರೈವರ್ ಇದ್ದೇ ಇರಬೇಕು. ಹುಡುಕಿದೆ, ಇತ್ತು. ಮಾಡೆಲ್ ಬೇರೆ, ಒಳಗಿನ ಚಿಪ್ ಅದೇ.

ಇಳಿಸಿ, ಎರಡು ಸಲ ಒತ್ತಿದರೆ 'ಈ ಕಂಪ್ಯೂಟರ್ ಕನಿಷ್ಠ ಅರ್ಹತೆ ಹೊಂದಿಲ್ಲ' ಎಂದಿತು. ಇಷ್ಟಕ್ಕೇ ಬಿಡಬಾರದು. ಆ ಕಟ್ಟನ್ನು ಬಿಚ್ಚಿದರೆ ಒಳಗೆ ಐಎನ್‌ಎಫ್ ಎಂಬ ಕಡತ ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆಯಬಹುದಾದ ಸಾದಾ ಪಠ್ಯ. ಈ ಡ್ರೈವರಿಗೆ ಯಾವ ಯಾವ ಚಿಪ್ಪುಗಳ ಪರಿಚಯವಿದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಕಂಟ್ರೋಲ್ ಮತ್ತು ಎಫ್ ಒತ್ತಿ 0046 ಎಂದು ಹುಡುಕಿದೆ. ಪಟ್ಟಿಯ ನಡುವೆ ಕುಳಿತಿತ್ತು, ಮದುವೆ ಮನೆಯಲ್ಲಿ ನೆಂಟರ ಮುಖ ಕಂಡ ಹಾಗಾಯಿತು. ಡಿವೈಸ್ ಮ್ಯಾನೇಜರಿಗೆ ಬಂದು 'ನಾನೇ ಆರಿಸುತ್ತೇನೆ, ಡಿಸ್ಕ್ ನನ್ನ ಹತ್ತಿರ ಇದೆ' ಎಂದು ಆ ಕಡತವನ್ನೇ ತೋರಿಸಿದೆ. ಪರದೆ ಒಮ್ಮೆ ಕಪ್ಪಾಯಿತು. ಮರಳಿ ಬಂದಾಗ ಗುಡ್ಡ ಗುಡ್ಡದ ಆಕಾರದಲ್ಲಿತ್ತು.

ಆ ಹುಮ್ಮಸ್ಸಿನಲ್ಲಿ ವೈಫೈ ಹಿಂದೆ ಬಿದ್ದೆ. ಅದಕ್ಕೇ ಅರ್ಧ ದಿನ ಹೋಯಿತು. ಅದೂ ಸಿಕ್ಕಿತು, ಸಿಗ್ನಲ್ಲಿನ ಗೆರೆಗಳು ಕಂಡವು. ಆಮೇಲೆ ಕುಳಿತು ಯೋಚಿಸಿದೆ. ಮಾಮಾನಿಗೆ ಇದರಲ್ಲಿ ವೈಫೈ ಯಾಕೆ ಬೇಕು? 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಸುರಕ್ಷತೆಯ ತೇಪೆಗಳು ನಿಂತವು. ಅದನ್ನು ನೆಟ್ಟಿಗೆ ಬಿಡುವುದೆಂದರೆ ಬಾಗಿಲಿಲ್ಲದ ಮನೆಯಲ್ಲಿ ಮಾಮಾನನ್ನು ಮಲಗಿಸಿದ ಹಾಗೆ. ಕಷ್ಟಪಟ್ಟು ಹಾಕಿದ ವೈಫೈಯನ್ನು ನಾನೇ ಬಂದ್ ಮಾಡಿದೆ, ಎತರ್ನೆಟ್ಟನ್ನೂ. ಕೆಲಸ ಆಗಬೇಕಾದದ್ದು ಯಾರಿಗೆ, ಎಷ್ಟು ಎಂದು ಮೊದಲೇ ಕೇಳಿಕೊಂಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಹಳದಿ ಚಿಹ್ನೆಗಳನ್ನು ಎಣಿಸುತ್ತ ಕುಳಿತವನಿಗೆ ಎಲ್ಲವನ್ನೂ ಅಳಿಸುವ ಹಟ ಹತ್ತುತ್ತದೆ.

ಮಾಮಾನ ಲೇಸರ್ ಪ್ರಿಂಟರಿಗೆ ಡ್ರೈವರ್ ಹುಡುಕುವ ಕಷ್ಟ ಮಾತ್ರ ಬರಲಿಲ್ಲ. ಫೋನ್ ಮಾಡಿ ಮಾಡೆಲ್ ಕೇಳಿದರೆ "ಅದರ ಸಿಡಿ ಅದೇ ಚೀಲದಾಗ ಅದ ನೋಡು" ಎಂದ. ಇತ್ತು. ಪ್ರಿಂಟರಿನದು, ಸ್ಕ್ಯಾನರಿನದು, ಸತ್ತುಹೋದ ಕಂಪ್ಯೂಟರಿನ ಮದರ್‌ಬೋರ್ಡಿನದು, ಪೇಜ್‌ಮೇಕರಿನದು, ನುಡಿ 4.0ರದು. ಒಂದೊಂದೂ ಕಾಗದದ ಕವರಿನಲ್ಲಿ, ಮೇಲೆ ಹೆಸರು ಮತ್ತು ತಾರೀಖು. ಅಂಗಡಿಯಲ್ಲಿ ಆ ಚೀಲ ಗೋಡೆಯ ಮೊಳೆಗೆ ನೇತಾಡುತ್ತಿತ್ತಂತೆ. ಎಸ್ಸೆಸ್ಸೆಲ್ಸಿ ಆದ ಮಾಮಾ ಇಪ್ಪತ್ತು ವರ್ಷ ಇಟ್ಟುಕೊಂಡದ್ದನ್ನು ಇಂಜಿನಿಯರ್ ಆದ ನಾನು ನಾಲ್ಕೇ ವರ್ಷಕ್ಕೆ ರದ್ದಿಗೆ ಹಾಕಿದ್ದೆ.

ನಾಲ್ಕನೇ ಭಾನುವಾರ ಪೇಜ್‌ಮೇಕರ್ ಹಾಕಿ 'ಅವ್ವ – ಫೈನಲ್ 2' ತೆರೆದೆ. ಒಂದು ಪೆಟ್ಟಿಗೆ ಎದ್ದು, ಇದರಲ್ಲಿರುವ ಫಾಂಟು ನನ್ನ ಹತ್ತಿರ ಇಲ್ಲ, ಬದಲಿ ಫಾಂಟು ಬಳಸಲೇ ಎಂದು ಕೇಳಿತು. ಹೂಂ ಎಂದೆ. ಪುಟ ತೆರೆಯಿತು. ಸಾಲುಗಳು ಇದ್ದವು, ಚರಣಗಳು ಇದ್ದವು, ಅಂಚಿನ ಬಳ್ಳಿಯ ಚಿತ್ರವೂ ಇತ್ತು. ಆದರೆ ಕನ್ನಡವಿರಲಿಲ್ಲ. ತಲೆಯ ಮೇಲೆ ಗೀರು, ಚುಕ್ಕಿ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು ಪುಟದ ತುಂಬ. ಹಳೇ ಫಾಂಟುಗಳ ಗುಟ್ಟು ಇದೇ. ಕಡತದ ಒಳಗೆ ಇರುವುದು ಆ ವಿಚಿತ್ರ ಅಕ್ಷರಗಳ ಸಂಖ್ಯೆಗಳೇ. ಅವುಗಳ ಮೇಲೆ ಕನ್ನಡದ ಆಕಾರ ಹೊದಿಸುವುದು ಫಾಂಟು. ಫಾಂಟು ಹೋದರೆ ಕನ್ನಡವೂ ಹೋಯಿತು. ಇಲ್ಲೂ ನಡುವಿನ ಮನುಷ್ಯನೇ ಇರಲಿಲ್ಲ. ಉಳಿಸದೆ ಮುಚ್ಚಿ, ನುಡಿ ಸಿಡಿಯಿಂದ ಫಾಂಟುಗಳನ್ನು ಹಾಕಿ ಮತ್ತೆ ತೆರೆದೆ.

ಆಯಿಯ ಹೆಸರು ಕಂಡಿತು. ಅದರ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, 'ಹಾಡಿದವರು' ಎಂದು. ಪುಟ ಸರಿಸುತ್ತ ಹೋದೆ. ಬೇಸಿಗೆ ರಜೆಯಲ್ಲಿ ಬೆಳಗಿನ ಜಾವ ಅರೆನಿದ್ದೆಯಲ್ಲಿ ಕೇಳಿದ್ದ ಹಾಡುಗಳು, ಅವಳು ಹೇಳುತ್ತಿದ್ದ ಹಾಗೆಯೇ, ನಮ್ಮ ಸೇಡಂ ಮಾತಿನಲ್ಲೇ ಇದ್ದವು. ಮಾಮಾ ಅದನ್ನು ಪುಸ್ತಕದ ಭಾಷೆಗೆ ತಿದ್ದಿರಲಿಲ್ಲ.

ಫೋನಿನಲ್ಲಿ ವಿಡಿಯೋ ಕರೆ ಮಾಡಿ ಕ್ಯಾಮೆರಾವನ್ನು ಪರದೆಗೆ ಹಿಡಿದೆ. ಆ ಕಡೆ ಮಾಮಾ ಕನ್ನಡಕ ಹುಡುಕಿ ಹಾಕಿಕೊಂಡ. ಅಳುತ್ತಾನೇನೋ ಎಂದುಕೊಂಡಿದ್ದೆ.

"ಮ್ಯಾಲಿಂದ ಮೂರನೇ ಸಾಲು ನೋಡು. ಒತ್ತು ತಪ್ಪ್ಯದ. ಅವ್ವ ಹಂಗ ಅಂದಿಲ್ಲ."

"ಈಗೇ ತಿದ್ದಲೇನು ಮಾಮಾ?"

"ಬ್ಯಾಡ ಬ್ಯಾಡ, ನೀ ಮುಟ್ಟಬ್ಯಾಡ. ನಾ ತಿದ್ತೀನಿ. ಮಷೀನ್ ಯಾವಾಗ ತರ್ತಿ?"

ಮುಂದಿನ ಶನಿವಾರ ನಾಂಪಲ್ಲಿಯಲ್ಲಿ ರೈಲು ಹತ್ತಿದೆ. ತಾಂಡೂರು ದಾಟಿದರೆ ಸೇಡಂ. ಹೊರಡುವ ಮುಂಚೆ ಎರಡು ಕೆಲಸ ಮಾಡಿದ್ದೆ. ಗೆಳೆಯ ಹೇಳಿದ ಹಾಗೆ ಪಠ್ಯವನ್ನಷ್ಟೇ ಹೊರತೆಗೆದು ಯುನಿಕೋಡಿಗೆ ಬದಲಿಸಿ ಮೂರು ಕಡೆ ಇಟ್ಟೆ. ಬದಲಾಯಿಸುವಾಗ ಅಲ್ಲಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿದೆ, ಅದನ್ನು ಕೂತು ತಿದ್ದಬೇಕು. ಆದರೆ ಯುನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ. ನಾಳೆ ಯಾವ ಫಾಂಟು ಹೋದರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಮುಂದಿನವರಿಗೆ ನಡುವಿನ ಮನುಷ್ಯನನ್ನು ಹುಡುಕುವ ಕಷ್ಟ ಬಾರದಿರಲಿ ಎಂದು ಇದು. ಎರಡನೆಯದು, ಆ ಲ್ಯಾಪ್‌ಟಾಪಿನ ಎಲ್ಲ ಡ್ರೈವರುಗಳನ್ನೂ ಒಂದು ಫೋಲ್ಡರಿಗೆ ಹಾಕಿ, ಅದನ್ನು ಪೆನ್ ಡ್ರೈವಿಗೂ ಹಾಕಿ, ಆ ಒಂಬತ್ತು ಸಂಖ್ಯೆಗಳ ಹಾಳೆಯನ್ನು ಅದರ ಜೊತೆ ಸುತ್ತಿದೆ.

ನೀವೂ ಮಂಚದ ಕೆಳಗೆ ಹಳೇ ಲ್ಯಾಪ್‌ಟಾಪ್ ಇಟ್ಟಿದ್ದರೆ ಇಂದೇ ಇಷ್ಟು ಮಾಡಿ. ಅದು ಇನ್ನೂ ಶುರುವಾಗುತ್ತಿರುವಾಗಲೇ ಡಿವೈಸ್ ಮ್ಯಾನೇಜರ್ ತೆರೆದು ಸಂಖ್ಯೆಗಳನ್ನು ಬರೆದಿಡಿ, ಡ್ರೈವರುಗಳನ್ನು ಇಳಿಸಿಡಿ. ಊರಲ್ಲಿ ಅಪ್ಪ, ಚಿಕ್ಕಪ್ಪ ಬರಹದಲ್ಲೋ ನುಡಿಯಲ್ಲೋ ಟೈಪಿಸಿದ ಹಳೇ ಕಡತಗಳಿದ್ದರೆ ಫಾಂಟು ಸಮೇತ ತೆಗೆದಿಟ್ಟು, ಯುನಿಕೋಡಿನ ಪ್ರತಿ ಮಾಡಿಸಿ. ಕೆಟ್ಟ ಮೇಲೆ ರಿಪೇರಿ ಮಾಡಬಹುದು. ಆದರೆ ಪರಿಚಯ ಮಾಡಿಸುವವರು ಹೋದ ಮೇಲೆ ಸರಿಯಾಗಿರುವುದೂ ಕೆಲಸಕ್ಕೆ ಬರುವುದಿಲ್ಲ.

ಲ್ಯಾಪ್‌ಟಾಪನ್ನು ಮಾಮಾ ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟುಕೊಂಡ. ಒಂದು ಹಳದಿ ಚಿಹ್ನೆ ಇನ್ನೂ ಹೋಗಿಲ್ಲ, ಆ ಹೆಸರಿಲ್ಲದ್ದು. ಕೀಲಿಮಣೆಯ ಮೇಲಿನ ವಿಶೇಷ ಗುಂಡಿಗಳದ್ದಿರಬೇಕು ಎಂದೆ. "ಇರ್ಲಿ ಬಿಡು, ಅದಕ್ಕ ನನ್ನ ಹಂತ್ಯಾಕ ಏನ್ ಕೆಲಸ" ಎಂದ. ಪೆನ್ ಡ್ರೈವನ್ನೂ ಹಾಳೆಯನ್ನೂ ಒಂದು ಕಾಗದದ ಕವರಿಗೆ ಹಾಕಿ, ಮೇಲೆ ಹೆಸರು, ತಾರೀಖು ಬರೆದು, ಕೈಚೀಲಕ್ಕೆ ಸೇರಿಸಿದ. ಗೋಡೆಯಲ್ಲಿ ಮೊಳೆ ಹುಡುಕಿ ಚೀಲ ನೇತುಹಾಕಿದ. ಆಮೇಲೆ ಕುರ್ಚಿ ಎಳೆದುಕೊಂಡು ಮೂರನೇ ಸಾಲಿಗೆ ಹೋದ.